ಅಡಿಕೆ ಅಂಗಳದ ತೇವಾಂಶ ಲೆಕ್ಕ, ಮೂರನೇ ವಾರ: ರೂಟ್ ಹೆಸರಿನ ಫೈಲುಗಳು

ಅಪ್ಪ ಚಾಲಿ ಅಡಿಕೆ ಒಣಗಿಸುವ ಅಂಗಳದ ತೇವಾಂಶ ಬರೆದಿಡಲು ಇಟ್ಟ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಈಗ ಸರಿಯಾಗಿ ಓಡುತ್ತಿದೆ. ಸೆನ್ಸರ್ ಡಿಎಚ್‌ಟಿ22. ಹತ್ತು ನಿಮಿಷಕ್ಕೊಂದು ಸಾಲು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿಯ) ಫೈಲಿಗೆ ಸೇರುತ್ತದೆ, ರಾತ್ರಿ ಗಿಟ್‌ನಲ್ಲಿ (ಫೈಲಿನ ಬದಲಾವಣೆಗಳ ಇತಿಹಾಸ ಇಡುವ ಪ್ರೋಗ್ರಾಮ್) ಕಮಿಟ್ ಆಗುತ್ತದೆ, ಅಂದರೆ ಆ ಹೊತ್ತಿನ ಪ್ರತಿ ದಾಖಲಾಗುತ್ತದೆ. ಈ ವಾರ ಪೂರ್ತಿ ಹೋಗಿದ್ದು ಫೈಲುಗಳ ಒಡೆತನ ಸರಿಮಾಡುವುದಕ್ಕೆ.

ಮೊದಲ ಎರಡು ವಾರ ನನ್ನ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸುವ ವ್ಯವಸ್ಥೆ) ಎಲ್ಲ ಕಮಾಂಡುಗಳ ಮುಂದೆಯೂ ಸುಡೋ ಹಾಕಿದ್ದೆ. ಸುಡೋ ಹಾಕಿದರೆ ಕಮಾಂಡ್ ರೂಟ್ ಹೆಸರಲ್ಲಿ, ಅಂದರೆ ಎಲ್ಲ ಅಧಿಕಾರವಿರುವ ಯೂಸರ್ ಹೆಸರಲ್ಲಿ ಓಡುತ್ತದೆ. ಸೆನ್ಸರ್ ಜೋಡಿಸುವ ಜಿಪಿಐಒ ಪಿನ್ ಮುಟ್ಟಲು ರೂಟ್ ಬೇಕೇ ಬೇಕು ಅಂದುಕೊಂಡಿದ್ದೆ. ಬೇಕಿಲ್ಲ. ರಾಸ್ಪ್‌ಬೆರಿ ಪೈ ಓಎಸ್‌ನಲ್ಲಿ ಮೊದಲ ಯೂಸರ್ ಜಿಪಿಐಒ ಗುಂಪಿನಲ್ಲೇ ಇರುತ್ತಾನೆ. ಸುಡೋ ತೆಗೆದೆ. ಕೂಡಲೇ ಸಿಎಸ್‌ವಿಗೆ ಬರೆಯಲು ಹೋದಾಗ ‘ಪರ್ಮಿಷನ್ ಡಿನೈಡ್’ ಬಂತು. ಆ ಫೈಲನ್ನು ಮೊದಲು ಹುಟ್ಟಿಸಿದ್ದು ರೂಟ್, ಹಾಗಾಗಿ ಒಡೆಯನೂ ರೂಟ್. ಅದೊಂದಕ್ಕೆ ಒಡೆತನ ಬದಲಿಸುವ ಚೋನ್ ಕಮಾಂಡ್ ಕೊಟ್ಟು ನನ್ನ ಹೆಸರಿಗೆ ಮಾಡಿಕೊಂಡೆ.

ಆಮೇಲೆ ಶುರುವಾಯಿತು ವಿಚಿತ್ರ. ಒಂದು ರಾತ್ರಿ ಕಮಿಟ್ ಆಗುತ್ತಿತ್ತು, ಇನ್ನೊಂದು ರಾತ್ರಿ ಇಲ್ಲ. ಸ್ಕ್ರಿಪ್ಟ್ ಅದೇ, ಯೂಸರ್ ಅದೇ. ಆಗದಿದ್ದ ದಿನ ಮತ್ತೆ ಓಡಿಸಿದರೂ ಆಗದು. ಸಿಎಸ್‌ವಿಗೆ ಹೊಸ ಸಾಲು ಸೇರಿದ ಮೇಲೆ ಓಡಿಸಿದರೆ ಕೆಲವೊಮ್ಮೆ ಆಗಿಬಿಡುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡೆ.

ಕಾರಣ ಸಿಕ್ಕಿದ್ದು ಗಿಟ್‌ನ ಆಬ್ಜೆಕ್ಟ್ಸ್ ಫೋಲ್ಡರ್ ತೆರೆದಾಗ. ಗಿಟ್ ತಾನು ಉಳಿಸಿಡುವ ಪ್ರತಿಯೊಂದು ಆಬ್ಜೆಕ್ಟಿಗೂ ಒಂದು ಹ್ಯಾಶ್ (ಒಳಗಿನ ವಿಷಯದಿಂದಲೇ ಹುಟ್ಟುವ ಗುರುತಿನ ಸಾಲು) ಲೆಕ್ಕ ಹಾಕಿ, ಅದರ ಮೊದಲ ಎರಡು ಅಕ್ಷರದ ಹೆಸರಿನ ಫೋಲ್ಡರಿನಲ್ಲಿ ಇಡುತ್ತದೆ. ಅಂಥ ಫೋಲ್ಡರುಗಳು ಹೆಚ್ಚೆಂದರೆ 256. ರೆಪೊಸಿಟರಿ (ಗಿಟ್‌ನ ಈ ಸಂಗ್ರಹ) ಶುರುಮಾಡಿದ್ದು ನಾನೇ ಆದರೂ, ಸುಡೋ ಇದ್ದ ದಿನಗಳಲ್ಲಿ ಹುಟ್ಟಿದ ಫೋಲ್ಡರುಗಳೆಲ್ಲ ರೂಟ್ ಹೆಸರಲ್ಲಿದ್ದವು. ನನ್ನ ಕಮಿಟ್‌ಗೆ ಕನಿಷ್ಠ ಮೂರು ಆಬ್ಜೆಕ್ಟ್ ಬೇಕು: ಫೈಲು, ಫೋಲ್ಡರಿನ ಪಟ್ಟಿ, ಕಮಿಟ್. ಮೂರರಲ್ಲಿ ಒಂದು ರೂಟ್‌ನ ಫೋಲ್ಡರಿಗೆ ಬಿದ್ದರೂ ಕೆಲಸ ನಿಲ್ಲುತ್ತದೆ. ಹೊಸ ಸಾಲು ಸೇರಿದರೆ ಹ್ಯಾಶ್ ಬದಲು, ಬೀಳುವ ಜಾಗವೂ ಬದಲು. ಇದು ಅರ್ಥವಾದಾಗ ನಿಜಕ್ಕೂ ಖುಷಿಯಾಯಿತು.

ಫೈಂಡ್ ಕಮಾಂಡಿನಲ್ಲಿ ರೂಟ್ ಒಡೆತನದವನ್ನು ಹುಡುಕಿ ಪಟ್ಟಿ ನೋಡಿಕೊಂಡೆ. ನಂತರ ಪ್ರಾಜೆಕ್ಟ್ ಫೋಲ್ಡರಿಗಷ್ಟೇ, ಒಳಗಿನದೆಲ್ಲ ಸೇರುವಂತೆ, ಚೋನ್. ಆ ಜಾಗದ ಹೆಸರನ್ನು ಎರಡು ಸಲ ಓದಿಯೇ ಎಂಟರ್ ಒತ್ತಿದೆ. ತಪ್ಪಿ ಸಿಸ್ಟಮ್‌ನ ಪ್ರೋಗ್ರಾಮುಗಳಿರುವ ಯುಎಸ್‌ಆರ್ ಫೋಲ್ಡರಿಗೆ ಕೊಟ್ಟರೆ ಸುಡೋ ಪ್ರೋಗ್ರಾಮಿನ ಒಡೆತನವೇ ಬದಲಾಗಿ, ಸುಡೋ ಓಡುವುದೇ ಇಲ್ಲ. ಸುಮ್ನೆ ಫೈಲುಗಳಿಗೆ 777 ಎಂಬ ಅನುಮತಿ ಕೊಟ್ಟುಬಿಡುವ ದಾರಿ ನನಗೆ ಒಪ್ಪಿಗೆಯಿಲ್ಲ. ಎಲ್ಲರಿಗೂ ಬರೆಯುವ ಹಕ್ಕು ಸಿಗುತ್ತದೆ, ಒಡೆಯ ಮಾತ್ರ ರೂಟೇ ಆಗಿರುತ್ತಾನೆ, ಅಲ್ವಾ?

ನಾಲ್ಕು ರಾತ್ರಿಯಿಂದ ಕಮಿಟ್ ತಪ್ಪಿಲ್ಲ. ಮುಂದಿನ ವಾರ ಎರಡನೇ ಸೆನ್ಸರ್, ಅಂಗಳದಲ್ಲಿ ಸಂಜೆ ಬೇಗ ನೆರಳು ಬೀಳುವ ಮೂಲೆಗೆ. ಅಲ್ಲಿನ ಅಡಿಕೆ ನಿಧಾನವಾಗಿ ಒಣಗುತ್ತದೆ ಎಂದು ಅಪ್ಪ ಹೇಳುತ್ತಲೇ ಇದ್ದಾರೆ.