ಆರು ಪೋಸ್ಟಿನ ಪ್ರಬಂಧ ಮಂಡನೆ

ಪ್ರಬಂಧವನ್ನು ಟ್ವಿಟರ್‌ನಲ್ಲೇ ಮಂಡಿಸುವ ಸಮ್ಮೇಳನಗಳು ಹೊಸವಲ್ಲ. ಕಡಲಹಕ್ಕಿಗಳ ಸಂಶೋಧಕರು 2015ರಲ್ಲೇ ಇಂಥದ್ದೊಂದನ್ನು ನಡೆಸಿದ್ದರು. ವಿಮಾನದ ಖರ್ಚಿಲ್ಲ, ವೀಸಾ ಬೇಡ. ಆದರೆ ಆರು ಪೋಸ್ಟು, 15 ನಿಮಿಷ ಎಂದು ಕಟ್ಟು ಹಾಕಿದರೆ ತಯಾರಿಗೆ ಪೂರಾ ಎರಡು ಸಂಜೆ ಬೇಕು.

ಮೊದಲ ಸಂಜೆ ಅಕ್ಷರ ಎಣಿಸುವುದರಲ್ಲೇ ಕಳೆಯುತ್ತದೆ. ಸಾಮಾನ್ಯ ಖಾತೆಯ ಒಂದು ಪೋಸ್ಟಿಗೆ ಮಿತಿ 280. ಕನ್ನಡದಲ್ಲಿ ಬರೆಯುವವರು ಎಡವುವುದು ಇಲ್ಲೇ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಎಕ್ಸ್ (ಟ್ವಿಟರಿನ ಈಗಿನ ಹೆಸರು) ಅದನ್ನು ಸ, ಹಲಂತ, ತ, ಹಲಂತ, ರ, ಈಕಾರ ಎಂದು ಬಿಡಿಸಿ ಆರು ಎಣಿಸುತ್ತದೆ. ‘ಮೊಟ್ಟೆ’ಗೂ ಆರು. ಒತ್ತಕ್ಷರ ತುಂಬಿದ ಪಾರಿಭಾಷಿಕ ಪದಗಳು ಜಾಗ ನುಂಗುತ್ತವೆ. ಅಚ್ಚಗನ್ನಡದ ಸಣ್ಣ ಮಾತು ಇಲ್ಲಿ ನಿಜಕ್ಕೂ ಲಾಭ. ಲಿಂಕ್ ಎಷ್ಟೇ ಉದ್ದವಿರಲಿ, ಅದಕ್ಕೆ 23. ಸಮ್ಮೇಳನದ ಹ್ಯಾಶ್‌ಟ್ಯಾಗ್ ಆರರಲ್ಲೂ ಇರಲೇಬೇಕು, ಏಕೆಂದರೆ ಹೆಚ್ಚಿನವರು ಅದನ್ನು ಹುಡುಕಿಯೇ ಬರುತ್ತಾರೆ, ಅವರಿಗೆ ನಡುವಿನ ಒಂದು ಪೋಸ್ಟಷ್ಟೇ ಕಂಡೀತು. ಹಾಗಾಗಿ ಪ್ರತಿ ಪೋಸ್ಟೂ ತನ್ನ ಕಾಲ ಮೇಲೆ ನಿಲ್ಲಬೇಕು. ‘ಮೇಲೆ ಹೇಳಿದಂತೆ’ ಎಂದು ಶುರುವಾಗುವ ವಾಕ್ಯವನ್ನು ಮುಲಾಜಿಲ್ಲದೆ ಹೊಡೆದುಹಾಕಿ.

ವಿಷಯ ಕಡಲಾಮೆ ಎಂದಿಟ್ಟುಕೊಳ್ಳಿ. ಮೊದಲ ಪೋಸ್ಟನ್ನು ನಮಸ್ಕಾರಕ್ಕೆ, ಸಂಸ್ಥೆಯ ಹೆಸರಿಗೆ ವ್ಯಯಿಸಬಾರದು. ‘ಆಲಿವ್ ರಿಡ್ಲಿ ಆಮೆ ಒಂದು ಸಲಕ್ಕೆ ಸುಮಾರು ನೂರು ಮೊಟ್ಟೆ ಇಡುತ್ತದೆ. ಹೊನ್ನಾವರದ ತೀರದಲ್ಲಿ ಅವುಗಳ ಗತಿ ಏನಾಗುತ್ತದೆ?’ ಎಂದು ನೇರ ವಿಷಯಕ್ಕೆ ಇಳಿದರೆ ಓದುಗ ನಿಲ್ಲುತ್ತಾನೆ.

ಎರಡನೆಯ ಸಂಜೆ ಚಿತ್ರಗಳಿಗೆ. 1600×900 ಪಿಕ್ಸೆಲ್ ಅಳತೆ ಸಾಕು. ಪವರ್‌ಪಾಯಿಂಟ್ ಸ್ಲೈಡನ್ನು ಹಾಗೇ ಸ್ಕ್ರೀನ್‌ಶಾಟ್ ತೆಗೆದು ಹಾಕಿದರೆ ಗ್ರಾಫಿನ ಅಂಕಿಗಳು ಫೋನಿನಲ್ಲಿ ಇರುವೆ ಸಾಲಿನಂತೆ ಕಾಣುತ್ತವೆ. ಚಿತ್ರವನ್ನು ಫೋನಿಗೆ ಕಳಿಸಿಕೊಂಡು ತೋಳಳತೆ ದೂರದಲ್ಲಿ ಹಿಡಿದು ಓದಿ ನೋಡಿ. ಒಂದು ಚಿತ್ರಕ್ಕೆ ಒಂದೇ ಗ್ರಾಫು. ಕಣ್ಣು ಕಾಣದವರೂ ಕೇಳಿಸಿಕೊಳ್ಳಲೆಂದು ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರದಲ್ಲಿ ಏನಿದೆ ಎಂಬ ವಿವರಣೆ, ಬರೆಯಿರಿ. ಅದಕ್ಕೆ 1000 ಅಕ್ಷರಗಳ ಜಾಗವಿದೆ. ಇದನ್ನು ಬಿಟ್ಟವರ ಮಂಡನೆ ಅರೆಬರೆ ಎಂದೇ ನನ್ನ ಅಭಿಪ್ರಾಯ.

ಸಮಯದ ಲೆಕ್ಕ ಇನ್ನೊಂದು ಗುಂಡಿ. ‘ಬ್ರಿಟನ್ ಸಮಯ ಬೆಳಿಗ್ಗೆ 10’ ಎಂದಿದ್ದರೆ ಜನವರಿಯಲ್ಲಿ ನಮಗೆ ಮಧ್ಯಾಹ್ನ 3.30, ಏಪ್ರಿಲ್‌ನಲ್ಲಿ 2.30. ಅಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ.

ಮಂಡನೆಯ ದಿನ ಆರೂ ಪೋಸ್ಟುಗಳ ಪಠ್ಯ ಒಂದು ಕಡತದಲ್ಲಿ, ಚಿತ್ರಗಳು 1ರಿಂದ 6ರವರೆಗೆ ಹೆಸರಿಟ್ಟು ಒಂದೇ ಫೋಲ್ಡರಿನಲ್ಲಿ ಇರಲಿ. ಖಾತೆಗೆ ಬೀಗ ಹಾಕಿದ್ದರೆ ಮೊದಲು ತೆಗೆಯಿರಿ. ಇಲ್ಲದಿದ್ದರೆ ಹಿಂಬಾಲಕರಲ್ಲದವರಿಗೆ ಒಂದು ಸಾಲೂ ಕಾಣುವುದಿಲ್ಲ. ಎರಡು ನಿಮಿಷಕ್ಕೊಂದರಂತೆ ಹಾಕುತ್ತ ಹೋದರೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ, ಪ್ರಶ್ನೆಗೆ ಐದು ಉಳಿಯುತ್ತದೆ. ಪ್ರತಿಯೊಂದನ್ನೂ ಅದರ ಹಿಂದಿನದಕ್ಕೇ ಉತ್ತರವಾಗಿ ಹಾಕಬೇಕು. ಎಲ್ಲವನ್ನೂ ಮೊದಲನೆಯದಕ್ಕೇ ಅಂಟಿಸಿದರೆ ಸರಣಿ ಕವಲೊಡೆದು ನಾಲ್ಕನೆಯದು ಎರಡನೆಯದಕ್ಕಿಂತ ಮೇಲೆ ಬಂದೀತು.

ನಡುವೆ ತಪ್ಪು ಕಂಡರೆ ಅಳಿಸಬೇಡಿ, ಕೊಂಡಿ ಕಳಚುತ್ತದೆ. ಅದರ ಕೆಳಗೇ ತಿದ್ದುಪಡಿ ಹಾಕಿ ಮುಂದೆ ಹೋಗಿ.

ಲಾಗಿನ್ ಇಲ್ಲದವರಿಗೆ ಎಕ್ಸ್‌ನಲ್ಲಿ ಪೂರ್ತಿ ಸರಣಿ ಕಾಣದ ಕಾರಣ, ಈಗ ಅಂಥದ್ದೇ ಇನ್ನೊಂದು ತಾಣವಾದ ಬ್ಲೂಸ್ಕೈಯಲ್ಲೂ ಹಾಕುವುದು ಒಳ್ಳೆಯದು. ಅಲ್ಲಿ ಮಿತಿ 300, ಆದರೆ ಕಾಗುಣಿತದ ಚಿಹ್ನೆಗಳನ್ನು ಬಿಡಿಯಾಗಿ ಎಣಿಸದ ಕಾರಣ ಕನ್ನಡ ಧಾರಾಳವಾಗಿ ಹಿಡಿಯುತ್ತದೆ. ಅಮೆರಿಕದವರ ಪ್ರಶ್ನೆಗಳು ಬರುವ ಹೊತ್ತಿಗೆ ಇಲ್ಲಿ ರಾತ್ರಿ ಊಟ ಮುಗಿದಿರುತ್ತದೆ. ಮಲಗುವ ಮುನ್ನ ಒಮ್ಮೆ ನೋಡಿ.