ಅರವತ್ತು ಸಾವಿರ, ನೂರಕ್ಕೆ ಒಂದು ರೂಪಾಯಿ

ಗುರುವಾರ, 11 ಡಿಸೆಂಬರ್ 2025
ಮೈಸೂರು, ರಾತ್ರಿ

ಪರೀಕ್ಷೆ ಹತ್ತಿರ ಬಂತು ಅಂತ ಇವತ್ತು ಫಸ್ಟ್ ಬಿಕಾಂಗೆ ರಿವಿಷನ್ ಇಟ್ಟುಕೊಂಡಿದ್ದೆ. ಸರಳ ರೇಖೆಯ ಪಾಠ. ಪುಸ್ತಕದ ಲೆಕ್ಕಗಳಲ್ಲಿ ಬರೀ ಪೆನ್ನಿನ ಕಂಪನಿ, ಕುರ್ಚಿ ಕಂಪನಿ. ಅದನ್ನು ಪಕ್ಕಕ್ಕಿಟ್ಟು ಕಬ್ಬಿನ ದರ ತೆಗೆದುಕೊಂಡೆ. ಮಂಡ್ಯದಲ್ಲಿ ನಿಂತು ಪಾಠ ಮಾಡುವಾಗ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವುದಿದೆ?

ಈ ಹಂಗಾಮಿಗೆ ಕೇಂದ್ರ ಸರ್ಕಾರದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ದರ, ಕ್ವಿಂಟಲ್‌ಗೆ 355 ರೂಪಾಯಿ. ಅದು ಸಕ್ಕರೆ ಇಳುವರಿ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ, ಶೇ 10.25 ಇದ್ದಾಗ. ಇಳುವರಿ 0.1 ಏರಿದರೆ 3 ರೂಪಾಯಿ 46 ಪೈಸೆ ಜಾಸ್ತಿ, ಇಳಿದರೆ ಅಷ್ಟೇ ಕಮ್ಮಿ. ಆದರೆ 9.5ಕ್ಕಿಂತ ಕೆಳಗೆ ಹೋದರೆ ಮತ್ತೆ ಕಡಿತ ಇಲ್ಲ, 329.05ಕ್ಕೆ ನಿಲ್ಲುತ್ತದೆ. ಎಕ್ಸ್ ಅಂದರೆ ಇಳುವರಿ, ವೈ ಅಂದರೆ ದರ ಅಂತ ಬೋರ್ಡ್ ಮೇಲೆ ಗೆರೆ ಎಳೆದೆ. ಒಂದಷ್ಟು ದೂರ ಅಡ್ಡಕ್ಕೆ, ಆಮೇಲೆ ಮೇಲಕ್ಕೆ. ಬಿಎ ಅರ್ಥಶಾಸ್ತ್ರದ ಮಕ್ಕಳೂ ಇದೇ ಕ್ಲಾಸಿಗೆ ಬರುತ್ತಾರೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಗಣಿತದ ಮುಖ ನೋಡದವರು. ಅವರಲ್ಲೇ ಒಬ್ಬ, ಮಳವಳ್ಳಿ ಕಡೆಯವನು, ಎದ್ದು ನಿಂತ.

“ಮೇಡಂ, ಇಳುವರಿ ಅಳೆಯೋರು ಫ್ಯಾಕ್ಟ್ರಿಯವ್ರೇ ಅಲ್ವಾ? ಎಕ್ಸ್ ಅವ್ರ ಕೈಲಿದ್ರೆ ವೈ ನಮ್ದು ಹೆಂಗಾಯ್ತದೆ?”

ಇಡೀ ಕ್ಲಾಸು ಬೆಂಚು ಬಡಿಯಿತು. ನನಗೆ ಮೈ ಜುಂ ಅಂದಿತು. ಸೂತ್ರ ಬಾಯಿಪಾಠ ಮಾಡಿದವನಿಗೆ ಈ ಪ್ರಶ್ನೆ ಬರುವುದಿಲ್ಲ. ಅರ್ಥ ಆದವನಿಗೇ ಬರುವುದು. ಈ ಹುಡುಗ ಇಂಟರ್ನಲ್ಸ್‌ನಲ್ಲಿ ಪಾಸಾಗಿಲ್ಲ ಅನ್ನುವುದು ನೆನಪಾಗಿ ಆಮೇಲೆ ಬಹಳ ಹೊತ್ತು ಬೇಜಾರಾಯಿತು.

ಅದನ್ನೇ ಬರೆಯೋಣ ಅಂತ ಕೂತಿದ್ದೆ. ಆದರೆ ಮನಸ್ಸು ಇರುವುದು ಸಂಜೆಯ ಮಾತಿನಲ್ಲಿ.

ಗಾಡಿ ಲೇಟಾಗಿತ್ತು. ಮಂಡ್ಯ ಸ್ಟೇಷನ್ನಿನಲ್ಲಿ ಬೆಂಚಿನ ಮೇಲೆ ಕೂತಿದ್ದೆ. ಪಾಂಡವಪುರದ ಹುಡುಗಿ ಬಂದು ಪಕ್ಕದಲ್ಲಿ ನಿಂತಳು. ಕ್ಲಾಸಿನಲ್ಲಿ ಒಂದು ದಿನವೂ ಬಾಯಿ ಬಿಟ್ಟವಳಲ್ಲ.

“ಮೇಡಂ, ಒಂದು ಲೆಕ್ಕ ಕೇಳ್ಬೋದಾ? ಸಿಲಬಸ್ಸಿಂದಲ್ಲ.”

ಅವರಪ್ಪ ಹಸು ತರುವುದಕ್ಕೆ ಶ್ರಾವಣದಲ್ಲಿ ಅರವತ್ತು ಸಾವಿರ ಸಾಲ ಮಾಡಿದ್ದಾರೆ. ಒಂದು ಫೈನಾನ್ಸಿನಲ್ಲಿ. ಹನ್ನೆರಡು ಕಂತು, ತಿಂಗಳಿಗೆ 5,600. “ವರ್ಷಕ್ಕೆ ಹನ್ನೆರಡು ಪರ್ಸೆಂಟು ಅಂದ್ರು ಮೇಡಂ. ನಮ್ಮಪ್ಪ ಹಂಗಾದ್ರೆ ನೂರಕ್ಕೆ ಒಂದು ರೂಪಾಯಿ ಬಡ್ಡಿ, ಪರ್ವಾಗಿಲ್ಲ ಅಂತ ಸೈನ್ ಮಾಡಿದ್ರು. ನಿಜವಾಗ್ಲೂ ಒಂದು ರೂಪಾಯಿನಾ?”

“ನೀನೇ ಹೇಳು. ಬಡ್ಡಿ ಒಟ್ಟು ಎಷ್ಟಾಯ್ತು?”

“ಏಳು ಸಾವಿರದ ಇನ್ನೂರು.”

“ಅರವತ್ತು ಸಾವಿರ ಎಷ್ಟು ತಿಂಗಳು ನಿಮ್ಮಪ್ಪನ ಹತ್ತಿರ ಇತ್ತು?”

ಅವಳು ಸುಮ್ಮನಾದಳು. ಬೆರಳು ಮಡಿಸತೊಡಗಿದಳು. ಗಾಡಿ ಬಂತು, ಹತ್ತಿದೆವು, ಬಾಗಿಲ ಹತ್ತಿರವೇ ಜಾಗ ಸಿಕ್ಕಿತು. ಯಲಿಯೂರು ದಾಟುವಾಗ ಹೇಳಿದಳು. “ಒಂದೇ ತಿಂಗಳು ಮೇಡಂ. ಆಮೇಲೆ ಐವತ್ತೈದು. ಆಮೇಲೆ ಐವತ್ತು. ಕೊನೇ ತಿಂಗಳು ನಮ್ಮ ಹತ್ರ ಇರೋದು ಐದೇ ಸಾವಿರ. ಆದ್ರೆ ಬಡ್ಡಿ ಅರವತ್ತಕ್ಕೂ ಹಾಕವ್ರೆ.”

ನಾನು ಏನೂ ಹೇಳಿಕೊಡಲಿಲ್ಲ. ಸರಾಸರಿ ತೆಗೆ ಅಂದೆ, ಅಷ್ಟೇ. 32,500 ಬಂತು. 7,200ನ್ನು ಅದರಿಂದ ಭಾಗಿಸಿದಳು. ಶೇ 22ರ ಮೇಲೆ. ಫೋನು ನನ್ನ ಕಡೆ ತಿರುಗಿಸಿ ತೋರಿಸಿದಳು, ನಾನು ನಂಬುವುದಿಲ್ಲವೇನೋ ಅನ್ನುವ ಹಾಗೆ.

ಇದು ಅಂದಾಜು, ಸರಿಯಾದ ಲೆಕ್ಕ ಬೇರೆ ಇದೆ, ಬೇಕಾ ಅಂತ ಕೇಳಿದೆ. ಬೇಕು ಅಂದಳು. ಆಗ ಅವಳಿಗೆ ಇನ್ನೊಂದು ನೆನಪಾಯಿತು. ಕೈಗೆ ಬಂದದ್ದು ಪೂರ್ತಿ ಅರವತ್ತಲ್ಲ. ಪ್ರೊಸೆಸಿಂಗ್ ಫೀ ಅಂತ 1,200 ಹಿಡಿದುಕೊಂಡಿದ್ದರು. ಬಂದದ್ದು 58,800. ಅದನ್ನು 5,600ರಿಂದ ಭಾಗಿಸಿದರೆ ಸರಿಯಾಗಿ 10.5. ಬ್ಯಾಗಿನಿಂದ ಪುಸ್ತಕ ತೆಗೆಸಿ ಕೊನೆಯ ಪುಟಗಳ ಕೋಷ್ಟಕ ತೋರಿಸಿದೆ. ಸಾಲ ಒಂದು ಕಂತಿನ ಎಷ್ಟು ಪಟ್ಟು ಅನ್ನುವುದನ್ನು ಪ್ರತಿ ಬಡ್ಡಿ ದರಕ್ಕೂ ಕೊಡುವ ಕೋಷ್ಟಕ ಅದು. ಹನ್ನೆರಡು ಕಂತಿಗೆ, ತಿಂಗಳಿಗೆ ಶೇ 2 ಇದ್ದರೆ 10.5753. ಶೇ 2.5 ಇದ್ದರೆ 10.2578. ನಮ್ಮ 10.5 ಇವೆರಡರ ನಡುವೆ ಎಲ್ಲೋ ಇದೆ.

“ಗೆರೆ ಎಳೀಬೋದಾ ಮೇಡಂ? ಬೆಳಿಗ್ಗೆ ಎಳೆದ್ರಲ್ಲ ಹಂಗೆ?”

ಎಳೆದಳು. ನೋಟ್ ಪುಸ್ತಕದಲ್ಲಿ, ಅಲುಗಾಡುವ ಗಾಡಿಯಲ್ಲಿ. 2.12 ಬಂತು. ಹನ್ನೆರಡರಿಂದ ಗುಣಿಸಿದರೆ 25.44.

ಸಾಲದ ಕಾಗದ ಇದೆಯಾ ಅಂತ ಕೇಳಿದೆ. ಫೋನಿನಲ್ಲಿ ಫೋಟೊ ಇತ್ತು. ಎಲ್ಲ ಇಂಗ್ಲಿಷ್, ಸಣ್ಣ ಅಕ್ಷರ. 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆ ಮುಖ್ಯ ವಿವರಗಳ ಪತ್ರ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಎಪಿಆರ್ ಅನ್ನುವ ಅಂಕಿ ಅದರಲ್ಲಿ ಇರಬೇಕು, ಫೀಸು ಎಲ್ಲ ಸೇರಿಸಿ ವರ್ಷಕ್ಕೆ ನಿಜವಾಗಿ ಬೀಳುವ ದರ. ಸಾಲ ತೆಗೆದುಕೊಳ್ಳುವವರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು ಅಂತಲೂ ನಿಯಮ ಇದೆ. ಹುಡುಕು ಅಂದೆ. ಫೋಟೊ ದೊಡ್ಡದು ಮಾಡಿ, ಸರಿಸಿ ಸರಿಸಿ ಹುಡುಕಿದಳು.

25.40.

“ನಮ್ಮದು ಸರಿ ಬಂತು ಮೇಡಂ!” ಅಂತ ಕೂಗಿಯೇ ಬಿಟ್ಟಳು. ಎದುರಿಗಿದ್ದ ಹೆಂಗಸು ತಿರುಗಿ ನೋಡಿದರು. “ಆದ್ರೆ ಆ 0.04 ಎಲ್ಲೋಯ್ತು?” ಕೋಷ್ಟಕದಲ್ಲಿರುವುದು ನಿಜವಾಗಿ ನೇರ ಗೆರೆಯಲ್ಲ, ಸ್ವಲ್ಪ ಬಾಗಿರುತ್ತದೆ, ನಾವು ನೇರ ಅಂದುಕೊಂಡೆವು, ಅದರ ಜೊತೆಗೆ ದಶಮಾಂಶವನ್ನು ಎರಡು ಸ್ಥಾನಕ್ಕೆ ನಿಲ್ಲಿಸಿದ್ದು ಸೇರಿ ಅಷ್ಟು ಬಂತು ಅಂದೆ. ತಲೆಯಾಡಿಸಿದಳು. ಮುಖ ಅರಳಿತ್ತು. ಇಷ್ಟು ವರ್ಷದ ಪಾಠದಲ್ಲಿ ಇಂಥ ಮುಖ ನೋಡುವುದಕ್ಕೇ ಅಲ್ವಾ ನಾನು ಕಾಯುವುದು.

ಆ ಮುಖ ಜಾಸ್ತಿ ಹೊತ್ತು ಹಾಗೇ ಇರಲಿಲ್ಲ.

“ನಮ್ಮಪ್ಪಂಗೆ ಹೇಳ್ಬೇಕಾ ಮೇಡಂ?”

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಊರಿನ ಸಹಕಾರ ಸೊಸೈಟಿಯಲ್ಲಿ ಯಾಕೆ ಕೇಳಲಿಲ್ಲ ಅಂದೆ. ಬೆಳೆ ಸಾಲವಾದರೆ ಐದು ಲಕ್ಷದವರೆಗೆ ಬಡ್ಡಿಯೇ ಇಲ್ಲವಲ್ಲ ಅಂದೆ. ಜಮೀನು ಇನ್ನೂ ತಾತನ ಹೆಸರಿನಲ್ಲೇ ಇದೆಯಂತೆ. ಪೌತಿ ಖಾತೆ ಆಗಿಲ್ಲ. ದೊಡ್ಡಪ್ಪಂದಿರು ಒಪ್ಪಬೇಕು, ಒಪ್ಪುತ್ತಿಲ್ಲ. ಕಬ್ಬಿನ ದುಡ್ಡಾದರೂ ಬಂದಿದ್ದರೆ ಈ ಸಾಲ ಅರ್ಧ ಇಳಿಯುತ್ತಿತ್ತು. ಕಬ್ಬು ಹಾಕಿ ತಿಂಗಳ ಮೇಲಾಯಿತು, ಬಿಲ್ಲು ಬಂದಿಲ್ಲ. ಕಬ್ಬು ಕೊಟ್ಟ ಹದಿನಾಲ್ಕು ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ ಸೇರಿಸಿ ಕೊಡಬೇಕು. 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಹೇಳಿದೆ.

“ಅವ್ರು ಕೊಡಬೇಕಾದ್ದು ಹದಿನೈದು, ನಾವು ಕಟ್ಟೋದು ಇಪ್ಪತ್ತೈದು” ಅಂದಳು. ಕೋಪ ಇರಲಿಲ್ಲ. ಲೆಕ್ಕ ಒಪ್ಪಿಸುವ ದನಿ.

ಆಮೇಲೆ ಅವಳೇ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. “ಊರಲ್ಲಿ ಕೈಸಾಲ ನೂರಕ್ಕೆ ಮೂರು ರೂಪಾಯಿ ಮೇಡಂ. ಇದು ಎರಡು ರೂಪಾಯಿ ಹನ್ನೆರಡು ಪೈಸೆ ಅಂತಾಯ್ತಲ್ಲ. ಆದ್ರೂ ಕಮ್ಮೀನೇ. ನಮ್ಮಪ್ಪ ಮಾಡಿದ್ದು ತಪ್ಪಲ್ಲ ಅಲ್ವಾ?”

ತಪ್ಪಲ್ಲ ಅಂದೆ. ಮನಸ್ಸಿನಿಂದಲೇ ಅಂದೆ. ಆ ಮನುಷ್ಯನ ಮುಂದೆ ಇದ್ದ ದಾರಿಗಳಲ್ಲಿ ಅವರು ಕಮ್ಮಿಯದನ್ನೇ ಹಿಡಿದರು. ತಪ್ಪು ಮಾಡಿದ್ದು ಹನ್ನೆರಡು ಅಂತ ಬಾಯಲ್ಲಿ ಹೇಳಿ ಇಪ್ಪತ್ತೈದು ಅಂತ ಕಾಗದದಲ್ಲಿ ಬರೆದವರು. ಪಾಂಡವಪುರ ಬಂತು. ಪುಸ್ತಕ ಎದೆಗೆ ಒತ್ತಿಕೊಂಡು ಇಳಿದುಹೋದಳು.

ಮನೆಗೆ ಬಂದರೆ ಗ್ಯಾಸ್ ಮುಗಿದಿತ್ತು. ಅತ್ತೆ ಅವಲಕ್ಕಿ ಕಲಸಿಟ್ಟಿದ್ದರು. ಊಟದ ಹೊತ್ತಿಗೆ ಇವರ ಹತ್ತಿರ ಎಲ್ಲ ಹೇಳಿದೆ. “ಕಾಗದದಲ್ಲಿ ಬರೆದಿದ್ದಾರಲ್ಲ, ಕಾನೂನಿನ ಪ್ರಕಾರ ಸರಿಯಾಗೇ ಇದೆ” ಅಂದರು. ಬರೆದರೆ ಸಾಕಾ? ಸಾಲ ಮಾಡುವವರಿಗೆ ಓದಲಾಗದ ಭಾಷೆಯಲ್ಲಿ ಬರೆದರೆ ಅದು ಸರಿ ಹೇಗಾಗುತ್ತದೆ? ನಿಜವಾಗಿ ಶೇ 12 ಆಗಿದ್ದರೆ, ಉಳಿದ ಸಾಲಕ್ಕಷ್ಟೇ ಬಡ್ಡಿ ಹಾಕಿದ್ದರೆ, ಕಂತು 5,331 ಬರುತ್ತಿತ್ತು. ಒಟ್ಟು ಬಡ್ಡಿ 4,000 ಕೂಡ ಮುಟ್ಟುತ್ತಿರಲಿಲ್ಲ. ಈಗ 7,200, ಮೇಲೆ 1,200 ಫೀಸು. ಇವರು ಏನೂ ಹೇಳಲಿಲ್ಲ. ಅತ್ತೆ ಮಾತ್ರ ಆ ಹುಡುಗಿಯ ಊರು ಯಾವುದು, ಹಸು ಎಷ್ಟು ಕರೆಯುತ್ತದೆ ಅಂತೆಲ್ಲ ಕೇಳಿದರು.

ಈಗ ಬರೆಯುತ್ತಾ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ನಮ್ಮ ಪಠ್ಯದಲ್ಲಿ ಕಂತಿನ ಲೆಕ್ಕ ಕೊನೆಯ ಘಟಕ. ಅದಕ್ಕೆ ಮೊದಲು ಸಂಖ್ಯೆಗಳು, ಸಮೀಕರಣಗಳು, ಮಾತೃಕೆಗಳು. ಕೊನೆಯದು ಯಾವಾಗಲೂ ಓಡಿಸಿಕೊಂಡು ಹೋಗುವ ಪಾಠ, “ಇದರಿಂದ ಐದು ಮಾರ್ಕ್ಸ್ ಬರುತ್ತೆ, ಸೂತ್ರ ಬರ್ಕೊಳ್ಳಿ” ಅನ್ನುವ ಪಾಠ. ಇದು ಮೊದಲ ತಿಂಗಳೇ ಬರಬೇಕು. ಬಿಕಾಂನವರಿಗೂ, ಬಿಎಯವರಿಗೂ. ಜೂನ್, ಜುಲೈನಲ್ಲಿ ಅಡ್ಮಿಷನ್ ಆಗಿ ಬರುವ ಮಕ್ಕಳ ಮನೆಯಲ್ಲಿ ಆಗಲೇ ಫೀಸಿಗೋ ಗೊಬ್ಬರಕ್ಕೋ ಸಾಲದ ಮಾತು ನಡೆಯುತ್ತಿರುತ್ತದೆ. ಈ ಹುಡುಗಿಗೆ ನಾನು ಈ ಕೋಷ್ಟಕವನ್ನು ಶ್ರಾವಣಕ್ಕೆ ಮುಂಚೆ ತೋರಿಸಿದ್ದರೆ ಅವರಪ್ಪ ಸೈನ್ ಹಾಕುವ ಮೊದಲು ಅವಳು ಒಂದು ಪ್ರಶ್ನೆಯಾದರೂ ಕೇಳುತ್ತಿದ್ದಳು. ಬಡ್ಡಿಯ ಲೆಕ್ಕ ನಮಗೆ ಹೊಸದೂ ಅಲ್ಲ. ನೃಪತುಂಗನ ಕಾಲದಲ್ಲೇ ಗಣಿತಜ್ಞ ಮಹಾವೀರಾಚಾರ್ಯರು ತಮ್ಮ ಪುಸ್ತಕದಲ್ಲಿ ಮಿಶ್ರಕ ವ್ಯವಹಾರ ಅಂತ ಒಂದು ಭಾಗ ಇಟ್ಟು ಅದರಲ್ಲಿ ಅಸಲು, ಬಡ್ಡಿ, ಕಾಲದ ಲೆಕ್ಕಗಳನ್ನು ಹೇಳಿದ್ದರು. ಒಂಬತ್ತನೇ ಶತಮಾನ. ಇದನ್ನು ನಾಳೆ ಡಿಪಾರ್ಟ್‌ಮೆಂಟಿನಲ್ಲಿ ಎತ್ತುತ್ತೇನೆ. ಘಟಕದ ಕ್ರಮ ಬದಲಿಸಲು ನಮಗೆ ಅಧಿಕಾರ ಇಲ್ಲ ಅನ್ನುತ್ತಾರೆ. ಪಾಠ ಮಾಡುವ ಕ್ರಮ ಬದಲಿಸಲು ಯಾರ ಅನುಮತಿ ಬೇಕು?

ಮಾತೃಕೆ ಬೇಡ ಅಂತಲ್ಲ. ಅದು ಬರಲಿ, ಆಮೇಲೆ ಬರಲಿ.

ಅಪ್ಪನಿಗೆ ಹೇಳಬೇಕಾ ಅನ್ನುವುದಕ್ಕೆ ನಾನು ಉತ್ತರ ಕೊಟ್ಟೇ ಇಲ್ಲ ಅನ್ನುವುದು ಈಗ ಕಾಡುತ್ತಿದೆ. ಹೇಳಿದರೆ ಆ ಮನುಷ್ಯನಿಗೆ ನಿದ್ದೆ ಕೆಡುತ್ತದೆ. ಹೇಳದಿದ್ದರೆ ಮುಂದಿನ ಸಲ ಯಾರಾದರೂ “ನೂರಕ್ಕೆ ಒಂದೇ ರೂಪಾಯಿ” ಅಂದಾಗ ಮತ್ತೆ ನಂಬುತ್ತಾರೆ. ಇವಳೇ ಲೆಕ್ಕ ಹಾಕಿ ತೋರಿಸಿದರೆ ಬೇರೆ. ಮಗಳು ಕಾಲೇಜಿನಲ್ಲಿ ಕಲಿತದ್ದು ಅಂತ ಖುಷಿಪಡಲೂಬಹುದು. ಗೊತ್ತಿಲ್ಲ.

ಅತ್ತೆ ಕೇಳಿದ್ದು ಸರಿಯಾದ ಪ್ರಶ್ನೆ. ಹಸು ಎಷ್ಟು ಕರೆಯುತ್ತದೆ? ಕಂತು ಹನ್ನೆರಡು ತಿಂಗಳೂ 5,600, ಅಲ್ಲಾಡದ ಗೆರೆ. ಹಾಲು ಹಾಗಲ್ಲ. ಕರು ಹಾಕಿದ ಮೊದಲ ತಿಂಗಳುಗಳಲ್ಲಿ ಜಾಸ್ತಿ, ಆಮೇಲೆ ಇಳಿಯುತ್ತಾ ಹೋಗಿ ಹತ್ತನೇ ತಿಂಗಳ ಹೊತ್ತಿಗೆ ಬತ್ತುತ್ತದೆ. ಡೈರಿ ದುಡ್ಡಿನಲ್ಲಿ ಹಿಂಡಿ, ಬೂಸ ಕಳೆದು ಉಳಿಯುವುದು 5,600ಕ್ಕಿಂತ ಕೆಳಗೆ ಹೋಗುವುದು ಯಾವ ತಿಂಗಳು? ಆಗಿನ ಕಂತಿಗೆ ಈಗಿನಿಂದ ಎಷ್ಟು ಎತ್ತಿಡಬೇಕು? ಇದಕ್ಕೆ ದಿನಕ್ಕೆ ಎಷ್ಟು ಲೀಟರ್ ಡೈರಿಗೆ ಹಾಕುತ್ತಾರೆ ಅಂತ ಮೊದಲು ಗೊತ್ತಾಗಬೇಕು, ಮನೆಗೆ ಎಷ್ಟು ಇಟ್ಟುಕೊಳ್ಳುತ್ತಾರೆ ಅಂತ ಕೇಳಬೇಕು, ಹಸು ತಂದಾಗ ಕರು ಹಾಕಿ ಎಷ್ಟು ದಿನ ಆಗಿತ್ತು ಅನ್ನುವುದೂ ಬೇಕು.