ಗೇರ್ ಬೀಳದ ಹಳೆಯ ಬೈಕು: ಎಂಜಿನ್ ಬಿಚ್ಚುವ ಮೊದಲು

ಸೆಕೆಂಡ್ ಹ್ಯಾಂಡ್ ಬೈಕ್ ಕೊಂಡವರು ಗ್ಯಾರೇಜಿಗೆ ಹೋಗಿ ‘ಗೇರ್ ಸರಿಯಾಗಿ ಬೀಳುತ್ತಿಲ್ಲ’ ಎಂದು ಹೇಳುವಾಗ ಆ ಒಂದೇ ಮಾತಿನೊಳಗೆ ಕನಿಷ್ಠ ಮೂರು ದೂರುಗಳು ಅಡಗಿರುತ್ತವೆ. ಎಂಜಿನ್ ಓಡುತ್ತಿರುವಾಗ ನಿಂತಲ್ಲಿ ನ್ಯೂಟ್ರಲ್ ಸಿಗದಿರುವುದು ಒಂದು. ಗೇರ್ ಏರಿಸಿದಾಗ ಹಿಂದಿನದಕ್ಕೂ ಮುಂದಿನದಕ್ಕೂ ಸೇರದೆ ನಡುವೆ ತೇಲುವುದು ಇನ್ನೊಂದು. ಬಿದ್ದ ಗೇರ್ ಓಟದಲ್ಲಿ ತಾನಾಗಿಯೇ ಕಳಚಿಕೊಳ್ಳುವುದು ಮತ್ತೊಂದು. ಇವುಗಳ ಕಾರಣವೂ ಬೇರೆ, ಖರ್ಚೂ ಬೇರೆ. ಆದರೂ ಗಿರಾಕಿಗೆ ಸಿಗುವ ಉತ್ತರ ಮಾತ್ರ ಬಹಳ ಕಡೆ ಒಂದೇ: ಎಂಜಿನ್ ಬಿಚ್ಚಬೇಕು. ನಾನು ಕಂಡಂತೆ ಮೊದಲನೆಯ ದೂರಿಗೆ ಗೇರ್ ಬಾಕ್ಸ್ ಹೊಣೆಯಾಗಿರುವುದು ಅಪರೂಪ. ಕೈಯಲ್ಲಿ ಹಿಡಿದಾಗಲೂ ಎಂಜಿನ್ನಿನ ಬಲವನ್ನು ಪೂರ್ತಿಯಾಗಿ ಬಿಡದ ಕ್ಲಚ್ ಮಾಡಿದ ತಪ್ಪಿಗೆ ಗೇರ್ ಬಾಕ್ಸ್ ಬೈಸಿಕೊಳ್ಳುತ್ತದೆ.

ರಾಯಚೂರಿನಲ್ಲಿ ನಾನು ಕೊಂಡ 150 ಸಿಸಿ ಬೈಕಿನಲ್ಲಿ ಮೊದಲ ಎರಡು ದೂರುಗಳೂ ಒಟ್ಟಿಗೇ ಇದ್ದವು. ಅದಕ್ಕೆ ಐದು ಗೇರು. ಒಂದು ಕೆಳಕ್ಕೆ, ಉಳಿದ ನಾಲ್ಕು ಮೇಲಕ್ಕೆ. ಹಿಂದಿನ ಮಾಲೀಕರು ಸಿಂಧನೂರು ಕಡೆಯ ರೈತರಾಗಿದ್ದು, ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕದ ಕಚ್ಚಾ ರಸ್ತೆಯಲ್ಲಿ, ಭತ್ತದ ಗದ್ದೆಗಳ ನಡುವೆ ಅದನ್ನು ವರ್ಷಗಟ್ಟಲೆ ಓಡಿಸಿದ್ದರು. ರಾಯಚೂರಿನ ತೀನ್ ಕಂದೀಲ್ ಸುತ್ತಲಿನ ದಟ್ಟಣೆಯಲ್ಲಿ ನಿಂತಾಗ ಅದು ಒಂದರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಹಾರುತ್ತಿತ್ತೇ ಹೊರತು ನಡುವಿನ ನ್ಯೂಟ್ರಲ್‌ಗೆ ಬರುತ್ತಿರಲಿಲ್ಲ; ಕ್ಲಚ್ ಪೂರ್ತಿ ಹಿಡಿದಿದ್ದರೂ ನಿಧಾನವಾಗಿ ಮುಂದಕ್ಕೆ ತೆವಳುತ್ತಿತ್ತು. ಊರಿನ ಹಿರಿಯ ಮಿಸ್ತ್ರಿಯೊಬ್ಬರು ಒಂದು ಸುತ್ತು ಓಡಿಸಿ ಬಂದು, “ಗೇರಿಂದೇನೂ ಇಲ್ಲ ಸರ, ಕ್ಲಚ್ ಪೂರಾ ಬಿಡವಲ್ದು” ಎಂದರು. ಆ ತೆವಳಾಟವೇ ಅವರಿಗೆ ಸಾಕ್ಷಿಯಾಗಿತ್ತು.

ಕ್ಲಚ್ ಬಿಡದಿದ್ದರೆ ಗೇರ್ ಏಕೆ ಹಟ ಹಿಡಿಯುತ್ತದೆ ಎಂಬುದನ್ನು ತಿಳಿಯಲು ಒಳಗಿನ ರಚನೆಯನ್ನು ಸ್ವಲ್ಪ ನೋಡಬೇಕು. ನಮ್ಮ ಬೈಕುಗಳ ಗೇರ್ ಬಾಕ್ಸಿನಲ್ಲಿ ಎಲ್ಲ ಜೋಡಿ ಗೇರುಗಳ ಹಲ್ಲುಗಳೂ ಸದಾ ಒಂದಕ್ಕೊಂದು ಕೂಡಿಕೊಂಡೇ ತಿರುಗುತ್ತಿರುತ್ತವೆ. ಕಾಲಿನಿಂದ ಲಿವರ್ ಒತ್ತಿದಾಗ ಶಿಫ್ಟ್ ಶಾಫ್ಟ್ ಒಂದು ಡ್ರಮ್ಮನ್ನು ತುಸು ತಿರುಗಿಸುತ್ತದೆ. ಡ್ರಮ್ಮಿನ ಮೈಮೇಲಿನ ಓರೆ ಗೀರುಗಳಲ್ಲಿ ಕೂತ, ಕವೆಯಂಥ ಫೋರ್ಕುಗಳು ಒಂದು ಗೇರನ್ನು ಪಕ್ಕಕ್ಕೆ ಸರಿಸುತ್ತವೆ. ಅದರ ಬದಿಯಲ್ಲಿರುವ, ‘ಡಾಗ್’ ಎಂದು ಕರೆಯುವ ದಪ್ಪ ಹಲ್ಲುಗಳು ಪಕ್ಕದ ಗೇರಿನ ಕಿಂಡಿಗಳಲ್ಲಿ ಹೋಗಿ ಸೇರುತ್ತವೆ. ಎಂಜಿನ್ನಿನ ಬಲ ಈ ಡಾಗ್‌ಗಳ ಮೇಲೆ ಇರುವಷ್ಟು ಹೊತ್ತು, ಯಾರೋ ಆಚೆಯಿಂದ ತಳ್ಳುತ್ತಿರುವ ಬಾಗಿಲಿನ ಚಿಲಕದಂತೆ, ಅವು ಸುಲಭವಾಗಿ ಜಾರುವುದಿಲ್ಲ. ಆ ಬಲವನ್ನು ಕಡಿಯುವುದು ಕ್ಲಚ್ಚಿನ ಕೆಲಸ. ಅದು ಅರೆಬರೆ ಕಡಿದರೆ ಕಾಲು ಹೆಚ್ಚು ಒತ್ತಬೇಕಾಗುತ್ತದೆ, ಹೆಚ್ಚು ಒತ್ತಿದಾಗ ನ್ಯೂಟ್ರಲ್ ದಾಟಿ ಮುಂದಿನ ಗೇರಿಗೆ ಹೋಗುತ್ತದೆ.

ಆದ್ದರಿಂದ ಮೊದಲು ಮಾಡಬೇಕಾದದ್ದು ದೋಷ ಯಾವ ಕಡೆಯದೆಂದು ಬೇರ್ಪಡಿಸುವುದು, ಅದಕ್ಕೆ ಹಣ ಬೇಕಿಲ್ಲ. ಎಂಜಿನ್ ಆರಿಸಿ, ಬೈಕನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸುತ್ತ ಒಂದೊಂದೇ ಗೇರ್ ಹಾಕಿ ತೆಗೆಯಬೇಕು. ಚಕ್ರ ತಿರುಗಿಸದೆ ಹಾಕಿದರೆ ಡಾಗ್‌ಗಳು ಕಿಂಡಿಗೆ ಎದುರಾಗದೆ, ಸರಿಯಾಗಿರುವ ಗೇರ್ ಬಾಕ್ಸೂ ಕೆಟ್ಟಂತೆ ಕಾಣುತ್ತದೆ. ಹೀಗೆ ಎಲ್ಲ ಗೇರುಗಳೂ ನ್ಯೂಟ್ರಲ್ಲೂ ಸಲೀಸಾಗಿ ಸಿಕ್ಕಿ, ಎಂಜಿನ್ ಚಾಲೂ ಮಾಡಿದಾಗ ಮಾತ್ರ ತೊಂದರೆಯಾದರೆ ದೋಷ ಕ್ಲಚ್ ಕಡೆಯದು. ಎಂಜಿನ್ ಆರಿದ್ದಾಗಲೂ ಸಿಗದಿದ್ದರೆ ಲಿವರಿನಿಂದ ಡ್ರಮ್ಮಿನವರೆಗಿನ ದಾರಿಯನ್ನು ನೋಡಬೇಕು. ಅದೇ ಸ್ಟ್ಯಾಂಡಿನ ಮೇಲೆ ಎಂಜಿನ್ ಓಡುತ್ತಿರುವಾಗ ಕ್ಲಚ್ ಹಿಡಿದು ಒಂದನೆಯ ಗೇರ್ ಹಾಕಿದರೆ ಹಿಂದಿನ ಚಕ್ರ ಸ್ವಲ್ಪ ತಿರುಗುವುದು ಸಹಜ, ಏಕೆಂದರೆ ಕ್ಲಚ್ ಪ್ಲೇಟುಗಳು ಆಯಿಲ್‌ನಲ್ಲೇ ಮುಳುಗಿರುತ್ತವೆ. ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತಿದಾಗ ಎಂಜಿನ್ ಕುಗ್ಗದೆ ಚಕ್ರ ನಿಲ್ಲಬೇಕು. ಎಂಜಿನ್ ಕುಗ್ಗಿದರೆ ಕ್ಲಚ್ ಎಳೆಯುತ್ತಿದೆ ಎಂದರ್ಥ. ಈ ಪರೀಕ್ಷೆಯಲ್ಲಿ ಚಕ್ರಕ್ಕೆ ಕೈ ಹಾಕಬಾರದು.

ಕ್ಲಚ್ ಎಂದೊಡನೆ ಪ್ಲೇಟ್ ಬದಲಿಸಲು ಹೊರಡುವವರಿಗೆ ನಾನು ಕೇಬಲ್ ತೋರಿಸುತ್ತೇನೆ. ರಾಯಚೂರಿನ ಬೇಸಿಗೆಯ ಧೂಳು ಕೇಬಲ್ಲಿನ ಹೊದಿಕೆಯೊಳಗೆ ಸೇರಿ ಹಳೆಯ ಗ್ರೀಸಿನೊಂದಿಗೆ ಬೆರೆತು ತಂತಿಯನ್ನು ಹಿಡಿದಿಡುತ್ತದೆ. ಬಳ್ಳಾರಿ, ಸಂಡೂರು ಕಡೆಯ ಗಣಿ ರಸ್ತೆಗಳಲ್ಲಿ ಓಡುವ ಬೈಕುಗಳಲ್ಲಿ ಕೆಂಪು ಅದಿರಿನ ಪುಡಿಯೂ ಅದೇ ಕೆಲಸ ಮಾಡುತ್ತದೆ. ಕ್ಲಚ್ ಲಿವರಿನ ತುದಿಯಲ್ಲಿ ಸಾಮಾನ್ಯವಾಗಿ 10ರಿಂದ 20 ಮಿಲಿಮೀಟರಿನಷ್ಟು ಸಡಿಲ ಇರಬೇಕು. ನಿಖರ ಅಳತೆ ಆಯಾ ಬೈಕಿನ ಕೈಪಿಡಿಯಲ್ಲಿರುತ್ತದೆ. ಸಡಿಲ ಹೆಚ್ಚಾದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ತೀರ ಕಡಿಮೆಯಾದರೆ ಪೂರ್ತಿ ಹಿಡಿಯದೆ ಜಾರುತ್ತದೆ. ಇಲ್ಲೊಂದು ಸೂಕ್ಷ್ಮವಿದೆ: ಪ್ಲೇಟುಗಳು ಸವೆದಂತೆ ಈ ಸಡಿಲ ಸಾಮಾನ್ಯವಾಗಿ ಕಡಿಮೆಯಾಗುತ್ತ ಹೋಗುತ್ತದೆ, ಆದ್ದರಿಂದ ಮತ್ತೆ ಮತ್ತೆ ಬಿಗಿ ಮಾಡಿದರೂ ಸಡಿಲವೇ ಆಗುತ್ತಿದ್ದರೆ ಸಂಶಯಪಡಬೇಕಾದದ್ದು ಪ್ಲೇಟನ್ನಲ್ಲ, ಎಳೆ ಬಿಡುತ್ತಿರುವ ಕೇಬಲ್ಲನ್ನು. ನನ್ನ ಬೈಕಿನ ಕೇಬಲ್ಲಿನ ಕೆಳತುದಿಯಲ್ಲಿ ಅರ್ಧದಷ್ಟು ಎಳೆಗಳು ಹರಿದಿದ್ದವು. ಹೊಸದು ಹಾಕಿ ಎಂಜಿನ್ ಬದಿಯಲ್ಲಿ ಮೊದಲು, ಹ್ಯಾಂಡಲ್ ಬದಿಯಲ್ಲಿ ಆಮೇಲೆ ಹೊಂದಿಸಿದಾಗ ತೆವಳುವುದು ಬಹುಪಾಲು ನಿಂತಿತು.

ಆಯಿಲ್ ವಿಷಯದಲ್ಲಿ ನಮ್ಮ ಕಡೆ ಉದಾಸೀನ ಹೆಚ್ಚು. ಬೈಕಿನಲ್ಲಿ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್ ಆದ್ದರಿಂದ ಡಬ್ಬದ ಮೇಲೆ ಜೆಎಎಸ್ಒ ಎಂಎ ಅಥವಾ ಎಂಎ2 (ಆಯಿಲ್‌ನಲ್ಲಿ ಮುಳುಗಿದ ಕ್ಲಚ್ಚಿಗೆ ಹೊಂದುತ್ತದೆ ಎಂಬ ಜಪಾನಿ ಮಾನಕದ ಗುರುತು) ಎಂದಿರುವುದನ್ನೂ, ಕಂಪನಿ ಹೇಳಿದ ಗ್ರೇಡನ್ನೂ ನೋಡಿ ಹಾಕಬೇಕು. ಘರ್ಷಣೆ ತಗ್ಗಿಸುವ ಅಂಶ ಬೆರೆಸಿದ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರತೊಡಗುತ್ತದೆ: ಎಂಜಿನ್ ಸದ್ದು ಏರುತ್ತದೆ, ವೇಗ ಏರುವುದಿಲ್ಲ.

ಗೇರ್ ಲಿವರಿನ ಕಡೆ ಬಂದರೆ ಎರಿ ಮಣ್ಣಿನ ಸೀಮೆಯ ಬೈಕುಗಳಿಗೇ ಮೀಸಲಾದ ಒಂದು ಜಾಗವಿದೆ. ಮುಂದಿನ ಚೈನ್ ಸ್ಪ್ರಾಕೆಟ್ಟಿನ ಕವರ್ ಬಿಚ್ಚಿದರೆ, ಚೈನಿನ ಗ್ರೀಸ್ ಮತ್ತು ಕೆಸರು ಕಲೆತು ಒಣಗಿ ಕಲ್ಲಾದ ಹೆಂಟೆ ಹಲವು ಬೈಕುಗಳಲ್ಲಿ ಶಿಫ್ಟ್ ಶಾಫ್ಟಿನ ಸುತ್ತ ಕೂತಿರುತ್ತದೆ. ಗೇರ್ ಹಾಕಿದ ಮೇಲೆ ಲಿವರ್ ತನ್ನ ಸ್ಥಾನಕ್ಕೆ ಮರಳದಿದ್ದರೆ ಮುಂದಿನ ಗೇರ್ ಹಾಕುವುದಾದರೂ ಹೇಗೆ? ಸ್ಕ್ರೂಡ್ರೈವರಿನಿಂದ ಕೆರೆದು, ಸೀಮೆಎಣ್ಣೆ ಬ್ರಷ್ಷಿನಲ್ಲಿ ತೊಳೆದ ಮೇಲೆ, ಬಿದ್ದು ಬಾಗಿದ ಲಿವರ್ ಫುಟ್‌ರೆಸ್ಟಿಗೋ ಕವರಿಗೋ ತಾಗುತ್ತಿದೆಯೇ, ಶಾಫ್ಟನ್ನು ಕಚ್ಚಿ ಹಿಡಿಯುವ ಅದರ ಒಳಹಲ್ಲುಗಳು (ಸ್ಪ್ಲೈನ್) ಸವೆದು ಶಾಫ್ಟಿನ ಮೇಲೆ ಜಾರುತ್ತಿದೆಯೇ ಎಂದು ನೋಡಬೇಕು. ಸವೆದ ಲಿವರನ್ನು ಶಾಫ್ಟಿಗೇ ವೆಲ್ಡಿಂಗ್ ಹೊಡೆಸುವ ಕೆಟ್ಟ ರೂಢಿಯೊಂದಿದೆ; ಮುಂದೆ ಆಯಿಲ್ ಸೀಲ್ ಬದಲಿಸುವ ದಿನ ಅದರ ಬೆಲೆ ತಿಳಿಯುತ್ತದೆ. ಚೈನ್ ತೀರ ಸಡಿಲವಿದ್ದರೂ ಗೇರ್ ಬದಲಾಗುವಾಗ ಹೊಡೆತ ಕೇಳಿಸುತ್ತದೆ, ಅದೂ ಗೇರ್ ಬಾಕ್ಸಿನ ಸದ್ದಲ್ಲ.

ಇಷ್ಟಾದರೂ ನನ್ನ ಬೈಕಿನಲ್ಲಿ ಎರಡರಿಂದ ಮೂರಕ್ಕೆ ಹೋಗುವಾಗ ಆಗಾಗ ತೇಲುವುದು ಉಳಿದಿತ್ತು. ಆಯಿಲ್ ಇಳಿಸಿ ಬಲಗಡೆಯ ಕ್ಲಚ್ ಕವರ್ ಬಿಚ್ಚಬೇಕಾಯಿತು. ಆದರೆ ಇದು ಎಂಜಿನ್ ಬಿಚ್ಚುವುದಲ್ಲ, ಎಂಜಿನ್ ಫ್ರೇಮಿನಲ್ಲೇ ಇರುತ್ತದೆ. ಪ್ಲೇಟುಗಳು ಕೂರುವ ಬಟ್ಟಲಾದ ಕ್ಲಚ್ ಹೌಸಿಂಗಿನ ಬೆರಳುಗಳ ಮೇಲೆ ಪ್ಲೇಟಿನ ಅಂಚುಗಳು ಬಡಿದು ಬಡಿದು ಮೂಡಿಸಿದ ಗುಳಿಗಳನ್ನು ಮಿಸ್ತ್ರಿಯವರು ಉಗುರಿನಿಂದ ಮುಟ್ಟಿ ತೋರಿಸಿದರು. ಪ್ಲೇಟುಗಳು ಆ ಗುಳಿಗಳಲ್ಲಿ ಸಿಕ್ಕಿಕೊಂಡಾಗ ಕ್ಲಚ್ ತಡವಾಗಿ ಬಿಡುತ್ತದೆ. ಆಳವಿಲ್ಲದ ಗುಳಿಗಳನ್ನು ಕಿರು ಅರದಿಂದ ಸಮ ಮಾಡಬಹುದು, ಆಳವಾದರೆ ಹೌಸಿಂಗೇ ಬದಲಾಗಬೇಕು. ಸ್ಟೀಲ್ ಪ್ಲೇಟುಗಳನ್ನು ದಪ್ಪ ಗಾಜಿನ ಮೇಲಿಟ್ಟು ಸೊಟ್ಟಗಾಗಿವೆಯೇ ಎಂದು ನೋಡಿದೆವು. ಹೊಸ ಪ್ಲೇಟ್ ಹಾಕುವುದಾದರೆ ಮೊದಲು ಆಯಿಲ್‌ನಲ್ಲಿ ನೆನೆಸಿಡಬೇಕು, ಸ್ಪ್ರಿಂಗಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಕ್ಲಚ್ ಹೊರತೆಗೆದ ಮೇಲೆ ಹಿಂದೆ ಕಂಡದ್ದೇ ನಿಜವಾದ ಕಳ್ಳ: ಡ್ರಮ್ಮಿನ ತುದಿಯ ನಕ್ಷತ್ರದಾಕಾರದ ಬಿಲ್ಲೆಯ ತಗ್ಗುಗಳಲ್ಲಿ ಕೂತು ಪ್ರತಿ ಗೇರನ್ನೂ ಅದರ ಸ್ಥಾನದಲ್ಲಿ ನಿಲ್ಲಿಸುವ ಸ್ಟಾಪರ್ ತೋಳಿನ ಸ್ಪ್ರಿಂಗ್ ಬಲ ಕಳೆದುಕೊಂಡಿತ್ತು. ಅಗ್ಗದ ಆ ಸ್ಪ್ರಿಂಗನ್ನೂ ಕವರಿನ ಗ್ಯಾಸ್ಕೆಟ್ಟನ್ನೂ ಹೊಸದಾಗಿ ಹಾಕಿದ ಮೇಲೆ ಮೂರನೆಯ ಗೇರ್ ತಪ್ಪದೆ ಬೀಳತೊಡಗಿತು.

ಎಂಜಿನ್ ನಿಜವಾಗಿ ಬಿಚ್ಚಬೇಕಾಗುವುದು ಗೇರ್ ತಾನಾಗಿ ಕಳಚಿಕೊಳ್ಳುವಾಗ. ಡಾಗ್‌ಗಳ ಮೂಲೆಗಳು ಸವೆದು ಗುಂಡಗಾಗಿದ್ದರೆ ಅಥವಾ ಫೋರ್ಕ್ ಬಾಗಿದ್ದರೆ ಎಂಜಿನ್ನಿನ ಕೆಳಕವಚವಾದ ಕ್ರ್ಯಾಂಕ್‌ಕೇಸನ್ನು ಎರಡು ಹೋಳಾಗಿ ಬಿಡಿಸದೆ ದಾರಿಯಿಲ್ಲ, ಸವೆದ ಗೇರಿನ ಜೊತೆಗೆ ಅದು ಕೂಡುವ ಇನ್ನೊಂದನ್ನೂ ಬದಲಿಸಬೇಕು. ಹಳೆಯ ಬೈಕ್ ನೋಡಲು ಹೋದಾಗ ಖಾಲಿ ರಸ್ತೆಯಲ್ಲಿ ಪ್ರತಿ ಗೇರಿನಲ್ಲೂ ಎಕ್ಸಿಲರೇಟರನ್ನು ಚೆನ್ನಾಗಿ ಕೊಟ್ಟು, ಬಿಟ್ಟು, ಮತ್ತೆ ಕೊಟ್ಟು ನೋಡುವುದು ಇದಕ್ಕಾಗಿಯೇ. ಹೀಗೆ ಮಾಡುವಾಗ ಗೇರ್ ಕಳಚಿದರೆ ಕೂಲಿ, ಗೇರ್ ಜೋಡಿ, ಫೋರ್ಕ್, ಗ್ಯಾಸ್ಕೆಟ್‌ಗಳ ಖರ್ಚನ್ನೆಲ್ಲ ಹೇಳಿದ ಬೆಲೆಯಲ್ಲಿ ಕಳೆದು ಮಾತನಾಡಬೇಕು. ಮಾಲೀಕರು ಒಪ್ಪದಿದ್ದರೆ ಬೇರೆ ಬೈಕ್ ನೋಡುವುದು ಲೇಸು.